ಅರ್ಧಕ್ಕೆ ನಿಂತ ಕಂಬ

"ಜೂಡಿತ್ ಕೊಟ್ಟದ್ದು, ನಿಮ್ಮ ಮಗಳಿಗಂತೆ" ಎಂದು ಅಲೆಕ್ಸಾಂಡರ್ ಕಾರಿನ ಹಿಂದಿನ ಸೀಟಿನಿಂದ ಚೀಲವೊಂದನ್ನು ಎತ್ತಿಕೊಟ್ಟಾಗ ಪರಸಪ್ಪ ಅದರೊಳಗೆ ಇಣುಕಿದ. ಇಣುಕಬಾರದಿತ್ತು. ಟ್ಯಾಂಗ್ ಶರಬತ್ತಿನ ಪುಡಿಯ ದೊಡ್ಡ ಡಬ್ಬಿ, ಹಾಲಿನ ಪುಡಿ, ಚಾಕಲೇಟು, ಬಾದಾಮಿ, ತಲೆನೋವಿಗೆ ಹಚ್ಚುವ ತೈಲದ ಪುಟ್ಟ ಬಾಟಲಿಗಳು. ಈ ದೇಶದಲ್ಲೇ ಇರುವವರಿಗೆ ಇವನ್ನೆಲ್ಲ ಯಾರು ಕೊಡುತ್ತಾರೆ? ಫೋನ್ ಮಾಡಿದರೆ ಕೆಳಗಿನ ಬಕಾಲಾ ಅಂಗಡಿಯವನು ಮನೆ ಬಾಗಿಲಿಗೇ ತಂದುಕೊಡುತ್ತಾನೆ. ಇದು ಊರಿಗೆ ಹೊರಟವರ ಕೈಗೆ ಕೊಡುವ ಸಾಮಾನು. ಪರಸಪ್ಪನೇ ಇಷ್ಟು ವರ್ಷಗಳಲ್ಲಿ ಎಷ್ಟೋ ಜನಕ್ಕೆ ಇಂಥ ಚೀಲ ಕಟ್ಟಿಕೊಟ್ಟಿದ್ದಾನೆ.

ಪಾಪ, ಅಲೆಕ್ಸಾಂಡರ್‌ನ ಹೆಂಡತಿ ಜೂಡಿತ್‌ಳದು ಒಳ್ಳೆಯ ಮನಸ್ಸೇ. ಗಂಡನ ಬಾಯಿಂದ ವಿಷಯ ತಿಳಿದು ಜೀವ ಚುರುಕ್ ಎಂದಿರಬೇಕು, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ ಕಳಿಸಿದ್ದಳು. ಗಂಡನಾದರೂ ಚೀಲದ ಬಾಯಿ ಬಿಚ್ಚಿ ನೋಡಬೇಕೋ ಬೇಡವೋ?

"ಯಲ್ಲಾ, ಬನ್ನಿ, ಬಿಸಿಲು ಏರುವ ಮೊದಲು ಹಾಯಿಕಂಬ ಎಬ್ಬಿಸುವಾ" ಎಂದು ಅಲೆಕ್ಸಾಂಡರ್ ಆಗಲೇ ಕಡಲ ದಂಡೆಯಲ್ಲಿ ನಿಲ್ಲಿಸಿದ ಟ್ರೇಲರ್ ಮೇಲಿನ ದೋಣಿಯ ಪಟ್ಟಿಗಳನ್ನು ಬಿಚ್ಚತೊಡಗಿದ್ದ. ಪರಸಪ್ಪ ಚೀಲವನ್ನು ಕಾರಿನ ನೆರಳಲ್ಲಿಟ್ಟು ಕೈಗವಸು ಹಾಕಿಕೊಂಡ. ಅಕ್ಟೋಬರ್ ಬಂದರೂ ಅಬುಧಾಬಿಯ ಸೆಕೆ ಇಳಿದಿರಲಿಲ್ಲ. ಅಂಗಿ ಬೆಳಿಗ್ಗೆಯೇ ಬೆನ್ನಿಗೆ ಅಂಟಿಕೊಂಡಿತ್ತು.

ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಪರಸಪ್ಪ ಸೂಪರ್‌ವೈಸರ್. ಅಲೆಕ್ಸಾಂಡರ್ ಅದೇ ಕಂಪನಿಯ ಎಚ್.ಆರ್. ಮ್ಯಾನೇಜರ್. ಗದಗಿನವನೊಬ್ಬ, ಮಂಗಳೂರಿನವನೊಬ್ಬ. ಊರಲ್ಲಿದ್ದಿದ್ದರೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ತನ್ನ ದೇಶಕ್ಕೆ ಮರಳುತ್ತಿದ್ದ ಯಾರೋ ಬ್ರಿಟಿಷನಿಂದ ಅಲೆಕ್ಸಾಂಡರ್ ಈ ಹಾಯಿದೋಣಿ ಕೊಂಡದ್ದೇ ಸಂಬಂಧಕ್ಕೆ ನೆಪವಾಯಿತು. ರಸ್ತೆಯ ಮೇಲೆ ಎಳೆದು ತರುವಾಗ ಕಂಬ ಮಲಗಿರಬೇಕು, ನೀರಿಗಿಳಿಸುವ ಮೊದಲು ನಿಲ್ಲಿಸಬೇಕು, ಮರಳುವಾಗ ಮತ್ತೆ ಮಲಗಿಸಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಭಾರ ಎತ್ತುವುದರಲ್ಲೇ ತಲೆಗೂದಲು ಉದುರಿಸಿಕೊಂಡ ಪರಸಪ್ಪ ಜೊತೆಗೆ ಬಂದ. ಈಜು ಬಾರದ ಅವನಿಗೆ ಕಡಲೆಂದರೆ ಅಷ್ಟಕ್ಕಷ್ಟೆ. ಆದರೂ ರಜೆಯ ಶುಕ್ರವಾರ ಬಂತೆಂದರೆ ಯಾರೋ ತನಗಾಗಿ ಕಾಯುತ್ತಾರಲ್ಲ ಎನ್ನುವುದು ಹಿತವಾಗಿತ್ತು.

ಎಣ್ಣೆಯ ಬೆಲೆ ಬಿದ್ದಾಗಿನಿಂದ ಕಂಪನಿಯಲ್ಲಿ ಜನರನ್ನು ಕಳಿಸುತ್ತಿದ್ದರು. ಈ ಭಾನುವಾರ ಇನ್ನೊಂದಿಷ್ಟು ಹೆಸರು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನೌಕರಿ ಹೋದರೆ ಹೋಗಲಿ ಎನ್ನುವಷ್ಟು ಪರಸಪ್ಪ ದಣಿದಿದ್ದ. ಅವನ ಸಂಕಟ ಬೇರೆ. ಮಗಳು ಪ್ರತೀಕ್ಷಾ ಒಂಬತ್ತನೇ ಕ್ಲಾಸು. ಭಾನುವಾರ ಶಾಲೆ ತೆರೆದ ಕೂಡಲೇ ಅವಳ ಹೆಸರು ಪರೀಕ್ಷಾ ಬೋರ್ಡಿಗೆ ಹೋಗಬೇಕು, ಹೋದ ಮೇಲೆ ಹತ್ತನೆಯದನ್ನೂ ಇಲ್ಲೇ ಮುಗಿಸಬೇಕು. ಅಪ್ಪನಿಗೆ ವೀಸಾ ಇಲ್ಲದೆ ಮಗಳು ಇಲ್ಲಿ ಉಳಿಯುವುದು ಹೇಗೆ? ಈಗಲೇ ಟೀಸಿ ತೆಗೆದುಕೊಂಡರೆ ಧಾರವಾಡದ ಶಾಲೆಯವರು ಸೇರಿಸಿಕೊಳ್ಳುತ್ತೇವೆ ಎಂದಿದ್ದರು. "ಏನಾರ ತಿಳೀತೇನ್ರಿ?" ಎಂದು ಹೆಂಡತಿ ಗಿರಿಜಾ ದಿನಾ ಸಂಜೆ ಕೇಳುತ್ತಿದ್ದಳು. ಅಲೆಕ್ಸಾಂಡರ್‌ನನ್ನು ಕೇಳಿದರೆ ಒಂದೇ ಉತ್ತರ: "ನೋಡುವಾ ಮಾರಾಯ್ರೇ."

ಕಂಬದ ಬುಡವನ್ನು ದೋಣಿಯ ನಡುವಿನ ಕೀಲಿಗೆ ಸಿಕ್ಕಿಸಿಯಾಯಿತು. ತುದಿ ಹಿಂಬದಿಗೆ ಚಾಚಿ ಮಲಗಿತ್ತು. ದೋಣಿಯ ಮೇಲೆ ಹತ್ತಿದ ಅಲೆಕ್ಸಾಂಡರ್ ಕಂಬದ ಕೆಳಗೆ ಹೆಗಲು ಕೊಟ್ಟ. ಪರಸಪ್ಪ ಟ್ರೇಲರ್‌ನ ಮುಂದೆ ನೆಲದ ಮೇಲೆ ನಿಂತು, ಕಂಬದಿಂದ ಬಂದ ಹಗ್ಗವನ್ನು ಟ್ರೇಲರ್‌ನ ಕಬ್ಬಿಣದ ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದ. ಅವನು ದೂಡಬೇಕು, ಇವನು ಎಳೆಯಬೇಕು. ಭಾರ ಮೇಲೆದ್ದ ಮೇಲೆ ಬೇರೆ ಮಾತಿಲ್ಲ, ಇದು ಯಾರ್ಡಿನಲ್ಲಿ ಪರಸಪ್ಪನ ಕಾನೂನು. ಭಾರ ತೂಗುತ್ತಿರುವಾಗ ಊರಿನ ಸುದ್ದಿ ತೆಗೆದ ಎಷ್ಟೋ ಜನಕ್ಕೆ ತನ್ನ ಹರಕು ಹಿಂದಿಯಲ್ಲಿ ಮಂಗಳಾರತಿ ಮಾಡಿದ್ದ. ಮೊದಲ ಶುಕ್ರವಾರವೇ ಅಲೆಕ್ಸಾಂಡರ್‌ಗೂ ಅದನ್ನು ಹೇಳಿಕೊಟ್ಟಿದ್ದ.

"ಎಳೀರಿ!"

ಪರಸಪ್ಪ ಎಳೆದ. ಕಂಬ ಎದ್ದಿತು. ಅರ್ಧದ ಹತ್ತಿರ ಭಾರವೆಲ್ಲ ಹಗ್ಗಕ್ಕೆ ಬಂತು. ಅಲ್ಲಿ ಅವನ ಕೈ ನಿಂತುಬಿಟ್ಟಿತು.

"ಎಂತ, ಎಲ್ಲಿಯಾದ್ರೂ ಸಿಕ್ಕಿಬಿತ್ತಾ?"

"ಇಲ್ರಿ ಸರ್."

"ಮತ್ತೆ ಎಳೀರಿ ಮಾರಾಯ್ರೇ, ಹೆಗಲು ಬಿದ್ದುಹೋಗ್ತದೆ."

"ಸರ್, ನನ್ನ ಹೆಸರು ಐತೇನ್ರಿ ಆ ಪಟ್ಟಿಯಾಗ?"

ಕೇಳಿದ ಮೇಲೆ ಪರಸಪ್ಪನಿಗೇ ಗಾಬರಿಯಾಯಿತು. ಮಾತು ತಾನಾಗಿ ಬಾಯಿಂದ ಜಾರಿತ್ತು.

"ಇದು ಅದನ್ನು ಕೇಳುವ ಹೊತ್ತಾ? ಮೊದಲು ಕಂಬ ಮೇಲೆ ಹೋಗ್ಲಿ."

"ಮ್ಯಾಲ ಹೋದಮ್ಯಾಲ ಮತ್ತ ನೋಡುವಾ ಅಂತೀರಿ. ನೌಕರಿ ಉಳಸ್ರಿ ಅಂತ ಕೇಳವಲ್ಲೆ ನಾ. ಹುಡುಗೀದು ಒಂದು ದಾರಿ ಮಾಡಬೇಕು. ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ."

ಅಲೆಕ್ಸಾಂಡರ್‌ನ ಕಣ್ಣು ಪರಸಪ್ಪನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು.

"ಪರಸಪ್ಪ" ಎಂದ, ಸಣ್ಣ ದನಿಯಲ್ಲಿ. "ಹಗ್ಗ ಬಿಡ್ಬೇಡಿ. ನಿಮ್ಮ ದಮ್ಮಯ್ಯ. ನನಗೂ ಸಣ್ಣ ಮಕ್ಕಳುಂಟು."

ಅವನು ಏನು ಹೇಳುತ್ತಿದ್ದಾನೆಂದು ಪರಸಪ್ಪನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಮೈಯೆಲ್ಲ ಹಿಡಿಯಷ್ಟಾಯಿತು. ಶಿವನೇ! ಹಗ್ಗ ಬಿಟ್ಟು ಕೊಲ್ಲುತ್ತಾನೆಂದು ತಿಳಿದನಲ್ಲ ಈ ಮನುಷ್ಯ! ತಾನೇನು ಹೆದರಿಸಿದ್ದನೇ? ಕೈ ಸೋತಿತ್ತು, ಮನಸ್ಸು ಸೋತಿತ್ತು, ಅದಕ್ಕೆ ನಿಂತದ್ದು. ಆದರೆ ಕಂಬದ ಕೆಳಗೆ ನಿಂತವನ ಕಣ್ಣಿಗೆ ಅದು ಹಾಗೆ ಕಂಡಿದ್ದರೆ ತಪ್ಪು ಯಾರದು? ಭಾರ ಎತ್ತಿದ ಮೇಲೆ ಮಾತು ತೆಗೆದವನು ತಾನೇ.

"ತಪ್ಪಾತ್ರಿ ಸರ್. ದೂಡ್ರಿ" ಎಂದು ಪರಸಪ್ಪ ಉತ್ತರಕ್ಕೆ ಕಾಯದೆ ಎಳೆದ. ಕಂಬ ನೆಟ್ಟಗಾಯಿತು. ಮುಂದಿನ ತಂತಿಯನ್ನು ಕೊಕ್ಕೆಗೆ ಸಿಕ್ಕಿಸಿ ಪಿನ್ನು ಹಾಕಿದ.

ಅಲೆಕ್ಸಾಂಡರ್ ದೋಣಿಯ ಅಂಚಿನಲ್ಲಿ ಕುಳಿತ. ಹೆಗಲು ತಿಕ್ಕಿಕೊಂಡು, ಕಡಲಿನ ಕಡೆ ನೋಡುತ್ತ ಹೇಳಿದ:

"ಹೆಸರು ಉಂಟು. ನಾನೇ ಹಾಕಿದ್ದು. ನಿಮ್ಮನ್ನು ಬಿಟ್ಟು ಇನ್ನೊಬ್ಬನನ್ನು ಹಾಕಿದ್ರೆ, ಒಟ್ಟಿಗೆ ದೋಣಿಗೆ ಹೋಗುವವ ಅಂತ ಉಳಿಸಿದ ಅಂತಿದ್ರು ಎಲ್ಲರೂ. ಮಗಳ ಟೀಸಿ ತಗೊಳ್ಳಿ."

ಪರಸಪ್ಪನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ. ಅವನು ಕಾರಿನ ನೆರಳಿಗೆ ಹೋಗಿ ಗಿರಿಜಾಗೆ ಫೋನ್ ಮಾಡಿದ.

"ಬೋರ್ಡಿಗೆ ಹೆಸರು ಕಳಸೂದು ಬ್ಯಾಡ. ಪ್ರತೀಕ್ಷಾನ ಟೀಸಿ ತಗೊಳ್ಳೋಣು."

ಆ ಕಡೆ ಮಿಕ್ಸರ್ ತಿರುಗುತ್ತಿದ್ದದ್ದು ನಿಂತಿತು.

"ಖರೇನ?"

"ಹೂಂ."

"ಊಟಕ್ಕ ಬರ್ತೀರಿಲ್ಲೋ?" ಎಂದಳು ಗಿರಿಜಾ. "ರೊಟ್ಟಿ ಮಾಡೀನಿ."

ದೋಣಿ ನೀರಿಗಿಳಿಸುವ ಮನಸ್ಸು ಪರಸಪ್ಪನಿಗೂ ಅಲೆಕ್ಸಾಂಡರ್‌ಗೂ ಉಳಿದಿರಲಿಲ್ಲ. ಕಂಬ ನಿಲ್ಲಿಸಿಕೊಂಡು ರಸ್ತೆಗೆ ಹೋಗುವಂತಿಲ್ಲ. ಪಟ್ಟ ಪಾಡನ್ನೆಲ್ಲ ಈಗ ಹಿಂದುಮುಂದಾಗಿ ಪಡಬೇಕು. ಪರಸಪ್ಪ ಹಗ್ಗವನ್ನು ಬಿಗಿದು ಗೂಟಕ್ಕೆ ಸುತ್ತು ಹಾಕಿ, ಮುಂದಿನ ತಂತಿಯ ಪಿನ್ನು ತೆಗೆದ. ಕಂಬದ ಭಾರ ಅವನ ಕೈಗೆ ಬಂತು. ಅಲೆಕ್ಸಾಂಡರ್ ದೋಣಿಯ ಮೇಲೆ ಕಂಬದ ಕೆಳಗೆ ನಿಂತು ಹೆಗಲಿಗೆ ಇಳಿಸಿಕೊಳ್ಳಬೇಕಿತ್ತು. ಅವನು ಬದಿಯಲ್ಲೇ ನಿಂತಿದ್ದ.

"ಅಲ್ಲಿ ಯಾರೋ ಫಿಲಿಪೀನ್ಸಿನವರು ಇದ್ದಾರೆ" ಎಂದ, ಇವನ ಕಡೆ ನೋಡದೆ. "ಹಗ್ಗ ಹಿಡೀಲಿಕ್ಕೆ ಒಬ್ಬರನ್ನು ಕರೆಯುವಾ? ನಿಮಗೂ ಸುಸ್ತಾಗಿರ್ಬೇಕು."

ಇಷ್ಟು ಶುಕ್ರವಾರಗಳಲ್ಲಿ ಒಮ್ಮೆಯೂ ಮೂರನೆಯವರನ್ನು ಕರೆದಿರಲಿಲ್ಲ. ಹೆಸರು ಉಂಟು ಎಂದಾಗ ಆಗದ ನೋವು ಪರಸಪ್ಪನಿಗೆ ಈಗ ಆಯಿತು. ನಾನೇ ಯಾರನ್ನಾದರೂ ಕರೆದು ಹಗ್ಗ ಕೊಟ್ಟು ನಡೆದುಬಿಡಲೇ ಎಂದೂ ಅನ್ನಿಸಿತು.

"ಯಾರೂ ಬ್ಯಾಡ್ರಿ" ಎಂದ. ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಹಾಕಿ, ಉಳಿದದ್ದನ್ನು ಸೊಂಟದ ಸುತ್ತ ಬಳಸಿ, ಕಾಲು ಅಗಲಿಸಿ ನಿಂತ. "ಬರ್ರಿ ಸರ್. ಕೆಳಗ ನಿಂದರ್ರಿ."

ಅಲೆಕ್ಸಾಂಡರ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒಂದು ಹೆಜ್ಜೆ ಇಟ್ಟು ನಿಂತ. ಇನ್ನೊಂದು ಇಟ್ಟು ಕಂಬದ ಕೆಳಗೆ ಬಂದ. ಎರಡೂ ಕೈ ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಪರಸಪ್ಪ ಹಗ್ಗವನ್ನು ಗೇಣು ಗೇಣಾಗಿ ಬಿಡತೊಡಗಿದ.