ಹೋಗಿ ಬಂದವರ ಪಟ್ಟಿ

ಎರಡು ಸಾಲುಗಳೂ ಒಂದೇ ಆಗಿದ್ದವು. ಎಡಕ್ಕೆ ಬಸ್ಸಿನಲ್ಲಿ ಆಚೆ ದಡಕ್ಕೆ ಹೋದವರ ಅಂಕಿ, ಬಲಕ್ಕೆ ವಾಪಸು ಬಂದವರದು. ಸೋಮವಾರ ನಾನೂರ ಹನ್ನೆರಡು, ನಾನೂರ ಹನ್ನೆರಡು. ಮಂಗಳವಾರ ಮುನ್ನೂರ ತೊಂಬತ್ತು, ಮುನ್ನೂರ ತೊಂಬತ್ತು. ಅವಳು ಪೆನ್ಸಿಲಿನ ತುದಿಯನ್ನು ಬುಧವಾರದ ಮೇಲಿಟ್ಟಳು. ಅಲ್ಲೂ ಹಾಗೇ. ಆಚೆ ದಡದ ಊರಿನ ಜ್ವರ ಯಾವತ್ತು ಹೊಳೆ ದಾಟುತ್ತದೆಂದು ಮೂರು ವಾರದಿಂದ ಆರೋಗ್ಯಾಧಿಕಾರಿಯ ಆಫೀಸಿನಲ್ಲಿ ಕೂತು ಅವಳು ಲೆಕ್ಕ ಹಾಕಿದ್ದು ಈ ಪಟ್ಟಿಯನ್ನು ನಂಬಿ.

"ಇದು ಹೇಗೆ ಸಾಧ್ಯ?"

ಬಸ್ಸಿನ ಅಂಕಿಗಳನ್ನು ತರುವ ಗುಮಾಸ್ತ ಕನ್ನಡಕ ಒರೆಸಿಕೊಂಡ. "ಎಲ್ಲಾ ಹೋಗಿಬರೋ ಟಿಕೆಟ್ಟು ಮೇಡಂ. ಹೋದೋರು ಬಂದೇ ಬರ್ತಾರಲ್ಲ ಅಂತ..."

"ಅಂತ?"

"ಆ ಸಾಲನ್ನೇ ಈ ಕಡೆಗೂ ಇಳಿಸಿದೆ. ಮನೆಯಿಂದ ಹೊರಡೋವಾಗ ಯಾರಾದ್ರೂ ಹೋಗ್ತೀನಿ ಅಂತಾರಾ? ಹೋಗಿ ಬರ್ತೀನಿ ಅಂತ ತಾನೆ ಅನ್ನೋದು."

ನಕ್ಕ. ಆಮೇಲೆ ಏನೋ ನೆನಪಾಗಿ, ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಕನ್ನಡಕವನ್ನು ಇನ್ನೊಮ್ಮೆ ಒರೆಸಿದ.

ಹೋದ ವರ್ಷ ಅವಳ ಗಂಡ ಒಂದು ದಿನದ ಕೆಲಸಕ್ಕೆಂದು ಆಚೆ ದಡಕ್ಕೆ ಹೋಗಿದ್ದ. ಹೋಗಿ ಬರ್ತೀನಿ ಅಂದಿದ್ದ. ಅಲ್ಲಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಜೇಬಿನಲ್ಲಿ ಟಿಕೆಟ್ಟಿನ ಉಳಿದರ್ಧ ಇತ್ತು. ಆ ವರ್ಷದ ಪಟ್ಟಿ ತೆಗೆದು ನೋಡಿದರೆ, ಅವನು ಅದೇ ಸಂಜೆ ವಾಪಸು ಬಂದಿರುತ್ತಾನೆ.

ಅವಳು ಡಿಪೋಗೆ ಫೋನ್ ಮಾಡಿ ನಿಜವಾದ ಅಂಕಿ ಕೇಳಿದಳು. ಮೊನ್ನೆ ಆಚೆಯಿಂದ ಬಂದವರು ಎಂಟುನೂರು. ನಿನ್ನೆ ಎರಡು ಸಾವಿರದ ನೂರು. "ಇವತ್ತು ಕೇಳ್ಬೇಡಿ, ಟಾಪ್ ಮೇಲೂ ಕೂತಿದಾರೆ," ಎಂದಿತು ಆ ಕಡೆಯ ದನಿ. "ಸೇತುವೆ ಮುಚ್ತಾರಂತಲ್ಲ, ಹೌದಾ?"

ನಾಳೆ ಬೆಳಗ್ಗೆ ಆರಕ್ಕೆ ಸೇತುವೆ ಮುಚ್ಚುವ ವಿಷಯ ಈ ಆಫೀಸಿನಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಮೊನ್ನೆ ಬೆಳಗ್ಗೆ ಅವಳು ಐದನೆಯವರಿಗೆ, ಆಚೆ ದಡದಲ್ಲಿದ್ದ ಗಂಡನ ತಾಯಿಗೆ, ಫೋನಿನಲ್ಲಿ ಹೇಳಿದ್ದಳು.

"ಅತ್ತೆ, ಎರಡು ದಿನದೊಳಗೆ ಹೊರಟು ಬಂದ್ಬಿಡಿ. ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಪಕ್ಕದ ಮನೆಯವಳಿಗೆ ಒಂದು ಮಾತು ಹೇಳ್ಬೇಕು, ಅಷ್ಟೆ. ಗಿಡಕ್ಕೆ ನೀರು ಹಾಕೋಕೆ ಯಾರಾದ್ರೂ ಬೇಕಲ್ಲ."

ಅವಳು ಬೇಡವೆನ್ನದೆ ಫೋನ್ ಇಟ್ಟಿದ್ದಳು. ಈ ಊರಿನಲ್ಲಿ ಎಲ್ಲರೂ ಅವಳನ್ನು ಬಹುವಚನದಲ್ಲಿ ಸಮಾಧಾನ ಮಾಡುತ್ತಿದ್ದರು. ನೀನು, ಕಣೆ ಎಂದು ಬೈಯುವವರು ಅತ್ತೆಯೊಬ್ಬರೇ ಉಳಿದಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಆರೋಗ್ಯಾಧಿಕಾರಿ ಬಾಗಿಲಲ್ಲಿ ನಿಂತರು. "ನಾಳೆವರೆಗೆ ಕಾಯೋದಾ, ಈಗಲೇ ಮುಚ್ಚೋದಾ? ನಿಮ್ಮ ಲೆಕ್ಕ ಏನನ್ನುತ್ತೆ?"

ಲೆಕ್ಕ ಈಗಲೇ ಎನ್ನುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅತ್ತೆಯ ಫೋನ್ ಬಂದಿತ್ತು: "ಬಸ್ಸು ಹತ್ತಿದೆ ಕಣೆ. ಕಿಟಕಿ ಪಕ್ಕ ಸಿಕ್ತು. ಕೆಮ್ಮಾ? ಧೂಳಿಗೆ. ಎಲ್ಲಾದಕ್ಕೂ ನಿನ್ನ ಪಾಠ ಶುರುಮಾಡ್ಬೇಡ." ಸೇತುವೆಗೆ ಅಲ್ಲಿಂದ ಒಂದೂಕಾಲು ಗಂಟೆಯ ದಾರಿ.

"ಮೂರಕ್ಕೆ," ಎಂದಳು.

"ಮೂರಕ್ಕೇ ಯಾಕೆ?"

"ಲೆಕ್ಕ ಹಾಗೆ ಬರುತ್ತೆ."

ಅವರು ತಲೆಯಾಡಿಸಿ ಹೋದರು. ಗುಮಾಸ್ತ ಅವಳನ್ನು ನೋಡಲಿಲ್ಲ. ಅವನೂ ಹೀಗೇ, ಬಂದೇ ಬರ್ತಾರೆಂದು, ಒಂದು ಸಾಲನ್ನು ಇಳಿಸಿದ್ದನಲ್ಲ, ಎಂದುಕೊಂಡಳು. ಗೋಡೆಯ ಗಡಿಯಾರವನ್ನು ನೋಡಬಾರದೆಂದು ಪೆನ್ಸಿಲು ಚೂಪು ಮಾಡಿದಳು. ಅದು ಅರ್ಧಕ್ಕೆ ಇಳಿದರೂ ಮಾಡುತ್ತಲೇ ಇದ್ದಳು.

ಎರಡೂವರೆಯಾದರೂ ಫೋನ್ ಬರಲಿಲ್ಲ. ಸೇತುವೆಗೆ ಎರಡು ಮೈಲಿಯಿಂದಲೇ ಬಸ್ಸುಗಳು ಒಂದರ ಹಿಂದೊಂದು ತೆವಳುತ್ತಿವೆ ಎಂದು ಗುಮಾಸ್ತ ಯಾರಿಗೂ ಅಲ್ಲವೆಂಬಂತೆ ಹೇಳಿದ. ಮೂರಕ್ಕೆ ಈಚೆಯವರು ಅಡ್ಡಗಂಬ ಇಳಿಸಿದರು. ಹೊರಟುಹೋದವರು ಒಬ್ಬರೂ ಹಿಂದಕ್ಕೆ ಬರಕೂಡದೆಂದು ಆಚೆಯವರೂ ತಮ್ಮ ತುದಿಯಲ್ಲಿ ಇಳಿಸಿದರು.

ಮೂರೂ ಹತ್ತಕ್ಕೆ ಫೋನ್ ಹೊಡೆದುಕೊಂಡಿತು.

"ಸೇತುವೆ ಮೇಲೆ ನಿಂತಿದೀವಿ ಕಣೆ. ಮುಂದಕ್ಕೂ ಬಿಡ್ತಿಲ್ಲ, ಹಿಂದಕ್ಕೂ ಬಿಡ್ತಿಲ್ಲ. ನಿಮ್ಮ ಆಫೀಸಿನೋರಿಗೆ ಒಂದು ಮಾತು ಹೇಳು."

ಹೇಳಬೇಕಾದ ಮಾತು ಅವಳ ಬಾಯಲ್ಲಿತ್ತು. ಹೊರಗೆ ಬಂದದ್ದು ಬೇರೆ.

"ಬಸ್ಸಲ್ಲಿ ಎಷ್ಟು ಜನ ಇದೀರಿ, ಅತ್ತೆ?"

"ಇದೇನು ಕೇಳೋ ಪ್ರಶ್ನೆನೇ? ನಾನು ಎಣಿಸಿದೀನಾ?"

ಆಮೇಲೆ ತೀರ ಮೆತ್ತಗೆ: "ಎಣಿಸಿದ್ರೆ ಬಿಡ್ತಾರಾ?"

ಅವಳು ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ಎಡಕ್ಕೆ ಹೋದವರ ಸಾಲು, ಬಲಕ್ಕೆ ಬಂದವರ ಸಾಲು. ನಡುವೆ ಅವಳೇ ಅಳತೆಪಟ್ಟಿ ಹಿಡಿದು ಎಳೆದ ಒಂದು ಗೆರೆ, ಕೂದಲೆಳೆಯಷ್ಟು ತೆಳು. ಪೆನ್ಸಿಲಿನ ಮೊನೆಯನ್ನು ಆ ಗೆರೆಯ ಮೇಲಿಟ್ಟು ಕಾದಳು.

"ಒಂದು," ಎಂದರು ಅತ್ತೆ. "ಎರಡು. ಮೂರು..." ಹನ್ನೊಂದಕ್ಕೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಲೆಕ್ಕ ತಪ್ಪಿತು.

"ತಡಿ," ಎಂದರು. "ಒಂದು."