ನೋಡಿದವರ ಸಹಿ

ಅಮ್ಮನ ಪುಸ್ತಕದ ಬೆನ್ನಿನ ಹೊಲಿಗೆ ಬಿಚ್ಚಲು ಸಿಂಧೂರಾಗೆ ಸಿಕ್ಕಿದ್ದು ಒಂದು ಪುಟ್ಟ ಕತ್ತರಿ, ಕೈಚೀಲದಲ್ಲಿ ಇಟ್ಟುಕೊಳ್ಳುವಂಥದ್ದು. ದಾರ ಅದಕ್ಕೆ ಬಗ್ಗುತ್ತಿರಲಿಲ್ಲ. ಅವಳು ಒಂದೊಂದೇ ಎಳೆಯನ್ನು ಎತ್ತಿ ಹಿಡಿದು ಕತ್ತರಿಸುತ್ತಿದ್ದಳು. ಕರಿ ರಟ್ಟು ಆಗಲೇ ಕಳಚಿ ಬಂದಿತ್ತು.

ಯೋಕೋಹಾಮಾದ ಆ ಅಂತ್ಯಕ್ರಿಯೆ ಭವನದ ಮೊರಿತಾ ಸಾನ್ ಎರಡು ಸಲ ತಲೆಬಾಗಿ, ಎರಡು ಸಲ ಕ್ಷಮೆ ಕೇಳಿ ವಿಷಯ ತಿಳಿಸಿದ್ದರು. ದಪ್ಪ ಪುಸ್ತಕ ಪೂರ್ತಿ ಉರಿಯುವುದಿಲ್ಲ, ಅದರ ಬೂದಿ ಹಾರಿ ಅಸ್ಥಿಯ ಮೇಲೆ ಕೂರುತ್ತದೆ. ರಟ್ಟು ತೆಗೆದು ಹಾಳೆ ಬಿಡಿಸಿ ಕೊಟ್ಟರೆ ಶವದ ಪೆಟ್ಟಿಗೆಯಲ್ಲಿ ಇಡಬಹುದು. ಅದರ ಜೊತೆ ಇದ್ದ ಬಟ್ಟೆಯ ಚೀಲವನ್ನು ಮಾತ್ರ ಅವರು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಿದ್ದರು. ಚೀಲದಲ್ಲಿದ್ದದ್ದು ಹನ್ನೆರಡು ರಬ್ಬರ್ ಉಂಗುರ. ರಬ್ಬರ್ ಅಂತೂ ಖಂಡಿತ ಆಗದು.

ಪಕ್ಕದ ಕೋಣೆಯಲ್ಲಿ ಕಾತ್ಯಾಯಿನಿ ಹಸಿರು ಮೈಸೂರು ಸಿಲ್ಕ್ ಸೀರೆಯಲ್ಲಿ ಮಲಗಿದ್ದಳು. ಕನ್ನಡ ಬಳಗದ ಗುರುರಾಜ ಫೋನ್ ನೋಡಿಕೊಂಡು ಮಂತ್ರ ಓದಿ ಮುಗಿಸಿದ್ದ. ಚಿತಾಗಾರದಲ್ಲಿ ಅವರಿಗೆ ಸಿಕ್ಕಿದ ಹೊತ್ತು ಮಧ್ಯಾಹ್ನದ ಒಂದು ಗಂಟೆ. ಈಗ ಹನ್ನೊಂದೂವರೆ.

"ನಿಮ್ಮಮ್ಮ ಇದ್ದಿದ್ರೆ ಈ ಬಿಚ್ಚೋದಕ್ಕೂ ತಾರೀಖು ಹಾಕಿಸ್ತಿದ್ರು ಕಣೆ," ಎಂದರು ಉಷಾ. ಇಪ್ಪತ್ತು ವರ್ಷದಿಂದ ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗೆ ಇದ್ದವರು ಅವರು. ಮೇಜಿನ ಇನ್ನೊಂದು ತುದಿಯಲ್ಲಿ ಸೇವಂತಿಗೆಯ ಕಾಂಡ ಮುರಿದು ಹೂವನ್ನಷ್ಟೇ ತಟ್ಟೆಗೆ ಹಾಕುತ್ತಿದ್ದರು. "ಒಂದ್ಸಲ ನಮ್ಮನೆ ಫ್ರಿಜ್ ತೆಗೆದು ದೋಸೆ ಹಿಟ್ಟು ಯಾವಾಗ ರುಬ್ಬಿದ್ದು ಅಂತ ಕೇಳಿದ್ರು. ಮೊನ್ನೆ ಇರ್ಬೇಕು ಅಂದೆ. 'ಇರ್ಬೇಕು ಅನ್ನೋದು ಕೋರ್ಟಲ್ಲಿ ನಿಲ್ಲಲ್ಲ ಉಷಾ' ಅಂದ್ಬಿಟ್ರು."

"ಆಂಟಿ, ಪ್ಲೀಸ್. ನಂಗೆ ನಗು ಬರತ್ತೆ," ಎಂದಳು ಸಿಂಧೂರಾ. ಅವಳಿಗೆ ಬಂದದ್ದು ಅಳು. ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ರಾಮಪ್ರಸಾದ ಹೇಳಿದ, "ಓದ್ಬೇಡ ಪುಟ್ಟಿ. ಬಿಚ್ಚಿಡು, ಅಷ್ಟೆ."

"ಓದಕ್ಕೆ ನಂಗೆಲ್ಲಿ ಬರತ್ತೆ ಅಪ್ಪ? ಎಲ್ಲಾ ಕನ್ನಡ. ಓನ್ಲಿ ನಂಬರ್ಸ್ ಕಾಣ್ತಿದೆ."

ಅದು ಸರಿಯೇ. ಯೋಕೋಹಾಮಾದಲ್ಲಿ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಕಿವಿಗೆ ಹತ್ತಿತ್ತೇ ಹೊರತು ಕಣ್ಣಿಗೆ ಹತ್ತಿರಲಿಲ್ಲ. ಅಮ್ಮ ಈ ಪುಸ್ತಕವೊಂದನ್ನು ಮಾತ್ರ ಕನ್ನಡದಲ್ಲಿ ಯಾಕೆ ಬರೆದಳು ಎಂದು ಅವಳು ಕೇಳಲಿಲ್ಲ. ರಾಮಪ್ರಸಾದನೂ ಹೇಳಲಿಲ್ಲ.

*

ಕಾತ್ಯಾಯಿನಿ ರಬ್ಬರಿನ ರಸಾಯನದಲ್ಲಿ ಡಾಕ್ಟರೇಟ್ ಮಾಡಿ, ಕಾರು ಕಂಪನಿಯ ಎಂಜಿನಿಯರ್ ಗಂಡನ ಹಿಂದೆ ಮೂವತ್ತೊಂದನೇ ವಯಸ್ಸಿಗೆ ಜಪಾನಿಗೆ ಬಂದವಳು. ಭಾಷೆ ಕಲಿತಳು. ಎಂಜಿನ್ನಿನ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ ಮಾಡುವ ಒಂದು ಕಂಪನಿಯ ಲ್ಯಾಬಿನಲ್ಲಿ ಒಂಬತ್ತು ವರ್ಷ ದುಡಿದಳು. ಯಾವುದೋ ಪೇಟೆಂಟ್ ವ್ಯಾಜ್ಯಕ್ಕಾಗಿ ಒಮ್ಮೆ ಲ್ಯಾಬಿಗೆ ವಕೀಲರು ಬಂದಿದ್ದರು. ಅಂದು ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು, "ಅವ್ರಿಗೆ ರಬ್ಬರ್ ಗೊತ್ತಿಲ್ಲ, ನಂಗೆ ಕಾನೂನು ಗೊತ್ತಿಲ್ಲ. ಎರಡ್ರಲ್ಲಿ ಕಾನೂನು ಕಲಿಯೋದೇ ಸುಲಭ ಕಣ್ರೀ."

ಸುಲಭವೇನೂ ಆಗಲಿಲ್ಲ. ಪೇಟೆಂಟ್ ವಕೀಲರ ಪರೀಕ್ಷೆಗೆ ನಾಲ್ಕು ಸಲ ಕೂತು, ನಲವತ್ತನಾಲ್ಕನೇ ವಯಸ್ಸಿಗೆ ಪಾಸಾದಳು. ಆಮೇಲೆ ಕೋರ್ಟಿನಲ್ಲಿ ನಿಂತು ವಾದಿಸಲು ಇನ್ನೊಂದು ಪರೀಕ್ಷೆ. ಟೋಕಿಯೋದ ಕಚೇರಿ ಸೇರಿದಳು. ನ್ಯಾಯಾಧೀಶರ ಮುಂದೆ ರಬ್ಬರನ್ನು ಎಳೆದು, ಮಡಿಸಿ, ಕೊಯ್ದು ತೋರಿಸುತ್ತಿದ್ದ ಸೀರೆಯ ಹೆಂಗಸನ್ನು ಜನ ಬೇಗ ಗುರುತು ಹಿಡಿದರು.

ಅವಳಿಗೆ ಒಂದೇ ಒಂದು ಹುಚ್ಚು. ಯಾವ ಲ್ಯಾಬಿಗೆ ಹೋದರೂ ಹುಡುಗರ ಪುಸ್ತಕ ತೆರೆಸಿ ಪ್ರತಿ ಪುಟದ ಕೆಳಗೆ ಮೂರು ಸಾಲು ಹುಡುಕುತ್ತಿದ್ದಳು: ತಾರೀಖು, ಮಾಡಿದವರು, ನೋಡಿದವರು. ನೋಡಿದವರ ಸಹಿ ಇಲ್ಲದಿದ್ದರೆ ಮಾಡಿದ್ದು ಮಾಡಿದಂತಲ್ಲ ಎನ್ನುವಳು. ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೂ ಚೀಟಿ ಅಂಟಿಸಿ, ರಾಮಪ್ರಸಾದನ ಮುಂದೆ ಪೆನ್ನು ಹಿಡಿಯುತ್ತಿದ್ದಳು.

"ಮಾವಿನಕಾಯಿಗೂ ಸಾಕ್ಷಿ ಬೇಕಾ ನಿಂಗೆ?" ಎಂದು ಅವನು ಎದ್ದು ಹೋಗುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಚೀಟಿಗೂ ಅವನು ಸಹಿ ಹಾಕಲಿಲ್ಲ.

*

"ಸುಮಿಮಾಸೆನ್," ಎಂದು ಕ್ಷಮೆ ಕೋರುವ ಧ್ವನಿ ಕೇಳಿ ಮೂವರೂ ತಿರುಗಿದರು.

ಎಂಬತ್ತು ದಾಟಿದ ಮುದುಕರೊಬ್ಬರು ಕರಿ ಸೂಟಿನಲ್ಲಿ ನಿಂತಿದ್ದರು. ಸೂಟು ಅವರಿಗಿಂತ ಒಂದು ಅಳತೆ ದೊಡ್ಡದಾಗಿತ್ತು. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಗೆ ನಮಸ್ಕರಿಸಿ ಬಂದಿದ್ದ ಅವರ ಬೆರಳುಗಳಲ್ಲಿ ಜಪಸರ ಇನ್ನೂ ಇತ್ತು.

"ನಾನು ಒನೊದೆರಾ. ಇಶಿನೊಮಾಕಿಯಿಂದ ಬಂದೆ. ಪತ್ರಿಕೆಯಲ್ಲಿ ಸೆನ್ಸೆಯ ಸುದ್ದಿ ನೋಡಿದೆ," ಎಂದರು ಜಪಾನಿಯಲ್ಲಿ. ವಕೀಲರನ್ನು ಅಲ್ಲಿ ಗೌರವದಿಂದ ಸೆನ್ಸೆ ಎಂದೇ ಕರೆಯುವುದು.

ಆ ಹೆಸರು ಕೇಳಿದ್ದೇ ರಾಮಪ್ರಸಾದ ಹೆಂಡತಿಯ ಪುಸ್ತಕದ ಕಡೆ ನೋಡಿದ. ಉಷಾ ಕುರ್ಚಿ ಎಳೆದು ಕೊಟ್ಟರು. ಮುದುಕರು ಅಂಚಿನಲ್ಲಷ್ಟೇ ಕೂತರು.

"ಹತ್ತು ವರ್ಷದ ಹಿಂದೆ ಕೋರ್ಟಿನಲ್ಲಿ ಸೆನ್ಸೆ ನನ್ನ ಎದುರು ಪಕ್ಷದವರು. ನಾನು ಸೋತೆ. ಅದರ ಬಗ್ಗೆ ದೂರು ಹೇಳಲು ಬಂದಿಲ್ಲ. ಅವರು ಅವರ ಕೆಲಸ ಮಾಡಿದರು." ಸ್ವಲ್ಪ ತಡೆದು ಮುಂದುವರಿಸಿದರು. "ನನ್ನ ಉಂಗುರವನ್ನು ಕೈಗೆ ತೆಗೆದುಕೊಂಡು ಸೆನ್ಸೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ನಾನೂ ರಬ್ಬರಿನವನೇ. ಹಾಗೆ ಒತ್ತಿದರೆ ಏನು ತಿಳಿಯುತ್ತದೆ ಎಂದು ನನಗೂ ಗೊತ್ತು. ಆಮೇಲೆ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತೀರ್ಪಿನಲ್ಲಿ, ನನ್ನ ಮಾತು ನಂಬುವಂತಿಲ್ಲ ಎಂದು ಬಂತು. ಊರಿನಲ್ಲಿ ಯಾರೂ ನನ್ನನ್ನು ಸುಳ್ಳುಗಾರ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಅದೇ ಕಷ್ಟ. ನನಗೆ ಬೇರೇನೂ ಬೇಡ. ಅವತ್ತು ಉಗುರಿಗೆ ಏನು ತಿಳಿಯಿತು ಎಂದು ಸೆನ್ಸೆ ಮನೆಯಲ್ಲಿ ಯಾವಾಗಲಾದರೂ ಹೇಳಿದ್ದರೆ, ಅದೊಂದನ್ನು ಕೇಳಿಕೊಂಡು ಹೋಗೋಣ ಎಂದು ಬಂದೆ."

ರಾಮಪ್ರಸಾದ ಪುಸ್ತಕದ ಕಡೆಯಿಂದ ಕಣ್ಣು ತೆಗೆದ.

"ಕೆಲಸದ ವಿಷಯ ಅವಳು ಮನೆಯಲ್ಲಿ ಹೇಳುತ್ತಿರಲಿಲ್ಲ," ಎಂದ.

*

2013ರ ಆ ಮೊಕದ್ದಮೆಯಲ್ಲಿ ಕಾತ್ಯಾಯಿನಿಯ ಕಕ್ಷಿದಾರರು ಒಂದು ದೊಡ್ಡ ಕಂಪನಿ. ಸಮುದ್ರದ ನೀರಿಗೆ ಕೆಡದ ರಬ್ಬರ್ ಉಂಗುರಕ್ಕೆ ಅವರು 2009ರಲ್ಲಿ ಪೇಟೆಂಟ್ ಕೇಳಿ ಪಡೆದಿದ್ದರು. ಅಂಥದ್ದೇ ಉಂಗುರವನ್ನು ಒನೊದೆರಾ ಮೀನುದೋಣಿಗಳ ಪಂಪಿಗೆ ಮಾಡಿ ಕೊಡುತ್ತಿದ್ದರು. 2006ರಿಂದಲೇ ಮಾಡುತ್ತಿದ್ದೇನೆ ಎಂಬುದು ಅವರ ಮಾತು. ಅದು ಸಾಬೀತಾದರೆ ಕಾನೂನು ಅವರನ್ನು ತಡೆಯುತ್ತಿರಲಿಲ್ಲ. ಆದರೆ ಕಾರ್ಖಾನೆ, ಮಿಶ್ರಣದ ಅಳತೆ ಬರೆದ ಪುಸ್ತಕ, ಅದಕ್ಕೆ ಸಹಿ ಹಾಕಿದ್ದ ಇಬ್ಬರು ಕೆಲಸಗಾರರು, ಎಲ್ಲವನ್ನೂ 2011ರ ಮಾರ್ಚಿನ ಸುನಾಮಿಯಲ್ಲಿ ಸಮುದ್ರ ಕೊಂಡೊಯ್ದಿತ್ತು. ಆಮೇಲೆ ಕೆಸರು ಅಗೆಯುವಾಗ ಸಿಕ್ಕಿದ್ದು ಒಂದು ಉಂಗುರ.

ಕಾತ್ಯಾಯಿನಿ ಅದನ್ನು ಕೈಗೆ ತೆಗೆದುಕೊಂಡು ಉಗುರು ಒತ್ತಿದಳು. ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಅದು ಮೊನ್ನೆ ಮೊನ್ನೆ ಮಾಡಿದ ಉಂಗುರವಲ್ಲ ಎಂದು ಆ ಕ್ಷಣಕ್ಕೇ ಅವಳಿಗೆ ತಿಳಿಯಿತು.

"ಇದರ ಮೇಲೆ ತಾರೀಖು ಇದೆಯೇ?" ಎಂದು ಕೇಳಿದಳು.

"ಇಲ್ಲ."

"ಮಾಡುವಾಗ ನೋಡಿದವರು ಇದ್ದರೇ?"

"ಇಬ್ಬರು ಇದ್ದರು."

"ಅವರು ಬಂದು ಹೇಳಬಲ್ಲರೇ?"

ಒನೊದೆರಾ ಉಂಗುರ ವಾಪಸು ಪಡೆಯಲು ಕೈ ಚಾಚಿದರು. ಅವಳ ಪ್ರಶ್ನೆಗಳು ಮುಗಿದವು. ಒಂದಾದರೂ ಸುಳ್ಳು ಪ್ರಶ್ನೆಯಾಗಿರಲಿಲ್ಲ. ಉಗುರಿಗೆ ಏನು ತಿಳಿಯಿತು ಎಂದು ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತೀರ್ಪು ಬಂದ ವಾರ ಅವಳು ಮನೆಯ ಚಪ್ಪಲಿ ಕಪಾಟಿನ ಒಂದು ಅರೆ ಖಾಲಿ ಮಾಡಿಸಿದಳು. ಮುದುಕರು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದ್ದ ಮಿಶ್ರಣದ ಅಳತೆಯಲ್ಲೇ ಹಳೆಯ ಲ್ಯಾಬಿನ ಗೆಳತಿಯ ಕೈಲಿ ಹನ್ನೆರಡು ಉಂಗುರ ಮಾಡಿಸಿ ತಂದು ಅಲ್ಲಿಟ್ಟಳು. ಐದು ವರ್ಷ ಕಪಾಟಿನಲ್ಲಿ, ಆಮೇಲೆ ಎರಡು ವರ್ಷ ಬಾಲ್ಕನಿಯ ಕುಂಡದಲ್ಲಿ, ಉಪ್ಪುನೀರು ಹಾಕಿದ ಕೆಸರಿನಲ್ಲಿ. ಮುದುಕರ ಆ ಉಂಗುರ 2006ರಿಂದ ಬದುಕಿದ ಹಾಗೆಯೇ. ತಿಂಗಳಿಗೊಮ್ಮೆ ಭಾನುವಾರ ಹೊರತೆಗೆದು ಗಡಸು ಅಳೆದು ಬರೆಯುವಳು. ಬೂಟಿಗೆಲ್ಲ ಟಯರಿನ ವಾಸನೆ ಎಂದು ರಾಮಪ್ರಸಾದ ಗೊಣಗಿದ್ದಕ್ಕೆ ಲೆಕ್ಕವಿಲ್ಲ.

ಯಾಕೆಂದು ಅವಳು ಬಾಯಿಬಿಟ್ಟದ್ದು ಆಸ್ಪತ್ರೆಯಲ್ಲಿ, ಮೂರು ತಿಂಗಳ ಕಾಯಿಲೆಯ ಕೊನೆಗೆ.

"2029ಕ್ಕೆ ಪೇಟೆಂಟ್ ಮುಗಿಯತ್ತೆ ಕಣ್ರೀ. ಅವತ್ತು ಇಶಿನೊಮಾಕಿಗೆ ಹೋಗಿ ಅವ್ರ ಮುಂದೆ ಕೂತು ಹೇಳ್ಬೇಕು ಅಂದ್ಕೊಂಡಿದ್ದೆ."

"ನಾನು ಈಗ್ಲೇ ಹೋಗಿ ಹೇಳ್ತೀನಿ."

"ಬೇಡ. ಕಕ್ಷಿದಾರರ ವಿರುದ್ಧದ ಮಾತು ನನ್ನ ಬಾಯಿಂದ ಹೊರಗೆ ಬರಬಾರ್ದು. ಅದು ನಾನು ಕೊಟ್ಟ ಮಾತು. ಇಲ್ಲಿಯವ್ರು ಓದ್ಬಾರ್ದು ಅಂತ್ಲೇ ಕನ್ನಡದಲ್ಲಿ ಬರೆದೆ. ಪುಸ್ತಕ ನನ್ನ ಜೊತೆ ಬರ್ಲಿ, ಯಾರೂ ಓದೋದು ಬೇಡ. ಪ್ರಾಮಿಸ್ ಮಾಡಿ."

ಅವನು ಮಾಡಿದ್ದ.

*

ಒನೊದೆರಾ ಎದ್ದು ತಲೆಬಾಗಿದರು. "ತೊಂದರೆ ಕೊಟ್ಟೆ," ಎಂದು ತಿರುಗುವಾಗ ಅವರ ಕಣ್ಣು ಮೇಜಿನ ಮೇಲೆ ಬಿತ್ತು. ಬಿಡಿಸಿಟ್ಟ ಹಾಳೆಗಳ ಮೇಲೆ ಅವರಿಗೆ ಗೊತ್ತಿಲ್ಲದ ದುಂಡನೆಯ ಅಕ್ಷರ. ನಡುನಡುವೆ ಅಂಕಿ. 60. 61. 61. 63. ಪಕ್ಕದಲ್ಲಿ ತಿಂಗಳು, ವರ್ಷ. ಅವರು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಇದು ಗಡಸಿನ ಅಳತೆ," ಎಂದರು.

ಉಷಾ ಸುಮ್ಮನೆ ಬಟ್ಟೆಯ ಚೀಲವನ್ನು ಅವರ ಮುಂದೆ ಸರಿಸಿದರು. ಮುದುಕರು ಒಂದು ಉಂಗುರ ತೆಗೆದು ಹೆಬ್ಬೆರಳಿನ ಉಗುರು ಒತ್ತಿದರು. ಇನ್ನೊಂದು ಸಲ ಒತ್ತಿದರು.

"ಅಪ್ಪ, ಲಾಸ್ಟ್ ಪೇಜಲ್ಲಿ ಏನಿದೆ? ಯು ನೋ, ರೈಟ್? ಹೇಳು," ಎಂದಳು ಸಿಂಧೂರಾ.

"ಮಾತು ಕೊಟ್ಟಿದೀನಿ ಪುಟ್ಟಿ."

"ನಾನು ಯಾರಿಗೂ ಕೊಟ್ಟಿಲ್ಲ," ಎಂದರು ಉಷಾ, ಕೈ ಒರೆಸಿಕೊಳ್ಳುತ್ತ. "ನಂಗೆ ಕನ್ನಡ ಓದಕ್ಕೂ ಬರತ್ತೆ."

ರಾಮಪ್ರಸಾದ ಮೇಜಿನ ಹತ್ತಿರ ಬಂದ. ಅವನಿಗೆ ಹೆಂಡತಿಯ ಮೇಲೆ ಕೋಪ ಉಕ್ಕಿತ್ತು. ಸತ್ತ ಮೂರು ದಿನದಲ್ಲಿ ಮೊದಲ ಸಲ ಬಂದ ಕೋಪ. "2029ಕ್ಕೆ ಕಾಯ್ತೀನಿ ಅಂದ್ಳು. ಅವಳೇ ಕಾಯಲಿಲ್ಲ. ಇವ್ರು ಕಾಯ್ಬೇಕಂತೆ," ಎಂದ. ಆಮೇಲೆ ಕನ್ನಡಕ ಹಾಕಿಕೊಂಡ. "ಕೊಡಿ. ತಪ್ಪೋದಾದ್ರೆ ನಾನೇ ತಪ್ಪಬೇಕು."

ಅವನು ಕೊನೆಯ ಹಾಳೆಯನ್ನು ಹಿಡಿದು, ಒಂದೊಂದೇ ಸಾಲನ್ನು ಮೊದಲು ಕನ್ನಡದಲ್ಲಿ ಮಗಳಿಗೆ, ಆಮೇಲೆ ಜಪಾನಿಯಲ್ಲಿ ಮುದುಕರಿಗೆ ಓದಿದ.

"12 ಏಪ್ರಿಲ್ 2020. ಕುಂಡದಿಂದ ತೆಗೆದ ಉಂಗುರದ ಗಡಸು 78. ಕೋರ್ಟಿನಲ್ಲಿ ಉಗುರಿಗೆ ಸಿಕ್ಕಿದ್ದು ಇದೇ. ಒನೊದೆರಾ ಸಾನ್ ಹೇಳಿದ್ದು ನಿಜ. ನನಗೆ ಅವತ್ತೇ ಗೊತ್ತಿತ್ತು."

ಕೊನೆಯ ವಾಕ್ಯವನ್ನು ಬಿಟ್ಟುಬಿಡಬಹುದಿತ್ತು. ಅವನು ಬಿಡಲಿಲ್ಲ.

"ಅವತ್ತೇ," ಎಂದರು ಒನೊದೆರಾ. ಕುರ್ಚಿ ಹುಡುಕಿಕೊಂಡು ಕೂತರು. ಉಂಗುರ ಇನ್ನೂ ಅವರ ಮುಷ್ಟಿಯಲ್ಲಿತ್ತು. "ಅವತ್ತೇ ಹೇಳಬಹುದಿತ್ತು," ಎಂದರು ಆಮೇಲೆ.

"ಹೌದು," ಎಂದ ರಾಮಪ್ರಸಾದ. ಸೊಂಟದವರೆಗೆ ಬಗ್ಗಿ ಹಾಗೇ ನಿಂತ.

ಮೊರಿತಾ ಸಾನ್ ಬಾಗಿಲಲ್ಲಿ ಕಾಣಿಸಿಕೊಂಡು, ಹೂವು ಇಡುವ ಹೊತ್ತಾಯಿತು, ಹತ್ತು ನಿಮಿಷದಲ್ಲಿ ಪೆಟ್ಟಿಗೆ ಮುಚ್ಚಬೇಕು ಎಂದರು. ಸಿಂಧೂರಾ ಹಾಳೆಗಳನ್ನು ಒಟ್ಟುಮಾಡಿದಳು. ಕೊನೆಯದನ್ನು ಬೇರೆ ಇಟ್ಟು ಎರಡೂ ಕೈಯಲ್ಲಿ ಮುದುಕರ ಮುಂದೆ ಹಿಡಿದಳು.

"ಇದನ್ನು ನೀವು ತೆಗೆದುಕೊಂಡು ಹೋಗಿ," ಎಂದಳು ಜಪಾನಿಯಲ್ಲಿ. "ಊರಿನಲ್ಲಿ ತೋರಿಸಿ."

ರಾಮಪ್ರಸಾದ ತಡೆಯಲಿಲ್ಲ.

ಒನೊದೆರಾ ಹಾಳೆಯನ್ನು ತೆಗೆದುಕೊಂಡು ಅಂಕಿಗಳ ಮೇಲೆ ಬೆರಳಾಡಿಸುತ್ತ ಕೆಳಗೆ ಬಂದರು. ಅಡಿಯಲ್ಲಿ ಒಂದು ಸಾಲಿನ ಎದುರು ಸಹಿ ಇತ್ತು. ಅದರ ಕೆಳಗಿನ ಸಾಲು ಖಾಲಿ. "ಇದು?" ಎಂದು ಕೇಳಿದರು.

"ಮೇಲಿನದು, ಮಾಡಿದವರು," ಎಂದ ರಾಮಪ್ರಸಾದ. "ಕೆಳಗಿನದು, ನೋಡಿದವರು. ಈ ಪುಸ್ತಕಕ್ಕೆ ಮಾತ್ರ ನನ್ನ ಸಹಿ ಕೇಳಲಿಲ್ಲ ಅವಳು. ಯಾರೂ ಓದದೆ ತನ್ನ ಜೊತೆಯೇ ಹೋಗಲಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು."

ಮುದುಕರು ತಲೆಯಾಡಿಸಿದರು. "ನನ್ನ ಪುಸ್ತಕದಲ್ಲೂ ಹೀಗೇ ಇತ್ತು," ಎಂದರು. ಆಮೇಲೆ, "ನೀವು ಕೊಟ್ಟ ಮಾತು ಉಳಿಯಲಿ. ಇದು ಅವರ ಜೊತೆಯೇ ಹೋಗಲಿ. ಆದರೆ ಹೀಗೆ ಅರ್ಧಕ್ಕೆ ಬೇಡ."

ಕೋಟಿನ ಒಳಜೇಬಿನಿಂದ ಅವರು, ಜಪಾನಿನಲ್ಲಿ ಸಹಿಯ ಬದಲು ಒತ್ತುವ, ತಮ್ಮ ಹೆಸರಿನ ಮುದ್ರೆಯ ಪುಟ್ಟ ಡಬ್ಬಿ ತೆಗೆದರು. ಮುದ್ರೆಯ ಮೇಲೆ ಬಾಯಿಯಿಂದ ಬಿಸಿಯುಸಿರು ಬಿಟ್ಟು, ಡಬ್ಬಿಯೊಳಗಿನ ಕೆಂಪು ಶಾಯಿಗೆ ಮೆಲ್ಲಗೆ ತಾಗಿಸಿ, ಖಾಲಿ ಸಾಲಿನ ಮೇಲೆ ಇಟ್ಟು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರು.

"ನೋಡಿದೆ," ಎಂದರು.

ಉಷಾ ಹೂವಿನ ತಟ್ಟೆ ಎತ್ತಿಕೊಂಡರು. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಹಿಡಿದು ಇಬ್ಬರು ಕಾಯುತ್ತಿದ್ದರು. ಸಿಂಧೂರಾ ಹಾಳೆಗಳನ್ನು ಅಮ್ಮನ ಕೈ ಪಕ್ಕದಲ್ಲಿ ಒಂದೊಂದಾಗಿ ಜೋಡಿಸಿ, ಕೊನೆಯದಕ್ಕಾಗಿ ಅಪ್ಪನ ಕಡೆ ಕೈ ಚಾಚಿದಳು.

"ಒಂದ್ನಿಮಿಷ ಇರು," ಎಂದ ರಾಮಪ್ರಸಾದ. "ಹಸಿ ಇದೆ. ಅಳಿಸಿಹೋಗತ್ತೆ."

ಮೊರಿತಾ ಸಾನ್ ಗಡಿಯಾರ ನೋಡಿದರು. ಅವನು ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡು, ಕೆಂಪು ಮುದ್ರೆ ಒಣಗುವವರೆಗೂ ಮೆಲ್ಲಗೆ ಊದುತ್ತಲೇ ಇದ್ದ.