ಒಂದೇ ಮೋಡದ ಚುಕ್ಕಿಗಳು

ನನ್ನ ಗಂಡ ಶಿವರಾಜನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ ಮತ್ತೆ ಉಪ್ಪಿಟ್ಟು ಆಯಿತು. ಏಳಕ್ಕೆ ನಲ್ಲಿ ನೀರು ಬಂತು, ಹಿಡಿದೆ.

ಒಂಬತ್ತಕ್ಕೆ ಮಾನ್ವಿಯಿಂದ ಭಾವ ಬಸವಪ್ರಸಾದರು ಬಂದರು. ಅಕ್ಕಿ ಗಿರಣಿಯವರು. ಅಲ್ಲಿನ ಮಠದ ಫ್ಯಾನು, ಬೆಂಚು, ಹಂಡೆಗಳ ಮೇಲೆಲ್ಲ ಈ ಮನೆತನದ ಸತ್ತವರ ಹೆಸರುಗಳಿವೆ. ಬೋರ್ಡು ಬರೆಯುವ ಪರಮಣ್ಣನನ್ನೂ ಕರೆತಂದಿದ್ದರು. ಅವನು ಬಣ್ಣದ ಡಬ್ಬಿ ಹಿಡಿದು, ದುರ್ಬೀನು ಇಟ್ಟಿದ್ದ ಪಡಸಾಲೆಯಲ್ಲೇ ಉಳಿದ.

"ತಮ್ಮನ ದುರ್ಬೀನು ಮಠಕ್ಕ ಕೊಡೋಣು. ಹೆಸರು ಉಳೀತದ," ಎಂದರು ಭಾವ.

"ನಮ್ದಲ್ರೀ ಅದು. ದೇವದುರ್ಗದ ಹೆಣ್ಮಕ್ಕಳ ಸಾಲೀದು. ಪಾಠದ ತಯಾರಿಗಂತ ಇವರು ಅಲ್ಲಿನ ಕಹಕಶಾನ್ ಟೀಚರ್ ಕಡಿಂದ ಇಸ್ಕೊಂಡಿದ್ರು. ನಾಳೆ ಸಾಲ್ಯಾಗ ಹುಡುಗ್ಯಾರಿಗೆ ಚುಕ್ಕಿ ತೋರ್ಸೋದೈತಿ."

"ಹೋದಾವ ಇಸ್ಕೊಂಡಿದ್ದು ಯಾರು ಕೇಳ್ತಾರ ಬಿಡು."

ಅತ್ತೆ ಚನ್ನಮಲ್ಲಮ್ಮ ಗೋಡೆಗೊರಗಿದ್ದರು. "ಶಿವರಾಜ ಚುಕ್ಕಿ ಆಗ್ಯಾನ ಅಂತಾರ. ಅದರಾಗ ಕಾಣ್ತಾನೇನವ್ವ?"

ಇಲ್ಲ ಎಂದೆ. ಚುಕ್ಕಿ ಹುಟ್ಟುವುದು ತಣ್ಣನೆಯ ಅನಿಲದ ಮೋಡದಲ್ಲಿ. ಮೋಡ ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯುತ್ತದೆ. ಕುಸಿಯುವಾಗ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಗಂಟುಗಳಾಗುತ್ತವೆ. ಪ್ರತಿ ಗಂಟೂ ಸುತ್ತಲಿದ್ದುದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಒಂದೇ ಮೋಡದಲ್ಲಿ ಎರಡು, ಮೂರು, ನಾಲ್ಕು ಚುಕ್ಕಿ ಹುಟ್ಟಿ ಒಂದನ್ನೊಂದು ಸುತ್ತುತ್ತವೆ. ನಾಳೆ ಆ ಹುಡುಗಿಯರಿಗೆ ಶಿವರಾಜ ಹೇಳಬೇಕಿದ್ದ ಪಾಠ ಇದು.

"ನಮ್ಮ ಮನಿ ಇದ್ದಂಗ," ಎಂದರು ಅತ್ತೆ.

"ಮೂರಿದ್ರ ಬಾಳ ಸಲ ಸಣ್ಣದನ್ನ ಉಳಿದೆರಡು ಕೂಡಿ ಹೊರಗ ಒಗೀತಾವ," ಎಂದೆ.

ಭಾವ ನನ್ನನ್ನು ದಿಟ್ಟಿಸಿದರು. ನಾನು ಭೌತಶಾಸ್ತ್ರ ಹೇಳಿದ್ದೆ, ಅಷ್ಟೇ.

ನಾವು ಪಡಸಾಲೆಗೆ ಬರುವಷ್ಟರಲ್ಲಿ ಪರಮಣ್ಣ ಕೆಲಸ ಶುರು ಮಾಡಿಬಿಟ್ಟಿದ್ದ. ದುರ್ಬೀನಿನ ಮುಂದಿನ ದೊಡ್ಡ ಗಾಜಿನ ಮೇಲೆ ಹಳದಿ ಅಕ್ಷರ: "ದಿವಂಗತ ಶಿವ".

"ಕೊಳವಿ ದುಂಡಗದ ಯವ್ವಾ. ಬರಿಯಾಕ ಸಪಾಟ ಜಾಗಾ ಇದೊಂದ ಇತ್ತು."

"ಹೆಸರು ಚೊಲೊ ಕಾಣ್ತದ," ಎಂದರು ಭಾವ.

"ಇನ್ನ ಅದರಾಗ ಹೆಸರಷ್ಟ ಕಾಣ್ತದ್ರೀ," ಎಂದೆ.

ಅತ್ತೆ ಎದ್ದು ಒಳಗೆ ಹೋಗಿ ಮಗನ ಹಳೆಯ ಪಂಚೆ ತಂದು ನನ್ನ ಕೈಗಿಟ್ಟರು. "ಒರಿಸು. ಮಠದಾಗ ಇನ್ನೊಂದು ಫ್ಯಾನು ಹಿಡಿಸ್ತದ, ಬಸೂ. ಹೆಸರು ಅಲ್ಲಿ ಬರಿಸು."

ಬಣ್ಣ ಹಸಿಯಿತ್ತು. ಪರಮಣ್ಣನ ಟರ್ಪೆಂಟೈನಿನಲ್ಲಿ ಪಂಚೆ ಅದ್ದಿ ಒರೆಸಿದೆ. "ದಿವಂಗತ" ಬೇಗ ಹೋಯಿತು. "ಶಿವ" ಹೋಗಲು ಹೊತ್ತು ಹಿಡಿಯಿತು.

ಹನ್ನೆರಡರ ಬಸ್ಸಿಗೆ ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ದೇವದುರ್ಗಕ್ಕೆ ಹೋದೆ. ಕಹಕಶಾನ್ ಟೀಚರ್ ಶಾಲೆಯ ಗೇಟಿನಲ್ಲೇ ಎದುರಾದರು.

"ಇಂಥಾದ್ರಾಗ ನೀವ್ಯಾಕ ಬಂದ್ರಿ ಮೇಡಂ. ಫೋನ್ ಮಾಡಿದ್ರ ನಾನ ಬರ್ತಿದ್ದೆ."

"ನಾಳೆ ಬೇಕಲ್ರೀ ನಿಮಗ," ಎಂದು ಅವರ ಎರಡೂ ಕೈಗೆ ಕೊಟ್ಟೆ.